ಈ ಮೆಥಡ್ ಎಲ್ಲಿಂದ ಬಂತು? ಕ್ಲಾಸ್‌ಗಳ ನಡುವೆ ಹಂಚಿದ ಮೆಥಡ್ ಕೈಕೊಟ್ಟಾಗ ದೋಷ ಹುಡುಕುವ ದಾರಿ

ಲಾಗ್ ಬರೆಯುವುದು, ಡೇಟಾವನ್ನು ಜೆಸನ್‌ಗೆ ತಿರುಗಿಸುವುದು, ಕ್ಯಾಶ್‌ನಲ್ಲಿ ಇಡುವುದು. ಇಂಥ ಕೆಲಸಗಳು ಹತ್ತಾರು ಕ್ಲಾಸ್‌ಗಳಿಗೆ ಬೇಕಾಗುತ್ತವೆ. ಎಲ್ಲ ಕಡೆ ಅದೇ ಕೋಡ್ ಅಂಟಿಸುವ ಬದಲು ಒಂದೇ ಕಡೆ ಬರೆದು ಹಂಚಿಕೊಳ್ಳುತ್ತೇವೆ. ಪೈಥಾನ್‌ನವರು ಅದನ್ನು ಮಿಕ್ಸಿನ್ ಅನ್ನುತ್ತಾರೆ, ರೂಬಿಯವರು ಮಾಡ್ಯೂಲ್, ಪಿಎಚ್‌ಪಿಯವರು ಟ್ರೇಟ್. ಬರೆದ ದಿನ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಯಾರೋ ಅದೇ ಕ್ಲಾಸ್‌ಗೆ ಇನ್ನೊಂದು ಮಿಕ್ಸಿನ್ ಸೇರಿಸುತ್ತಾರೆ. ಆಗ ಸೇವ್ ಮೆಥಡ್ ಓಡುತ್ತದೆ, ಆದರೆ ಲಾಗ್ ಮಾತ್ರ ಬರುವುದಿಲ್ಲ. ಎರರ್ ಕೂಡ ಇರುವುದಿಲ್ಲ.

ಇಂಥ ದೋಷ ಹುಡುಕುವಾಗ ಜಾಸ್ತಿ ಜನ ಮೆಥಡ್‌ನ ಒಳಗಿನ ಸಾಲುಗಳನ್ನು ಓದಲು ಶುರು ಮಾಡುತ್ತಾರೆ. ಅಲ್ಲಿ ತಪ್ಪು ಇರುವುದು ಕಡಿಮೆ. ತಪ್ಪು ಇರುವುದು ಮೆಥಡ್ ಆ ಕ್ಲಾಸ್‌ಗೆ ತಲುಪಿದ ದಾರಿಯಲ್ಲಿ. ಅದಕ್ಕೇ ಕೋಡ್ ಓದುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು.

ಸರಪಳಿಯೋ, ನಕಲೋ?

ಪೈಥಾನ್ ಮತ್ತು ರೂಬಿಯಲ್ಲಿ ಹಂಚಿದ ಮೆಥಡ್ ತಾನು ಹುಟ್ಟಿದ ಜಾಗದಲ್ಲೇ ಇರುತ್ತದೆ. ನೀವು ಆಬ್ಜೆಕ್ಟ್ ಮೇಲೆ ಸೇವ್ ಕರೆದರೆ, ಭಾಷೆ ಕ್ಲಾಸ್‌ಗಳ ಒಂದು ಸಾಲನ್ನು ಹಿಡಿದು ಒಂದೊಂದರಲ್ಲೂ ಹುಡುಕುತ್ತಾ ಹೋಗುತ್ತದೆ. ಮೊದಲು ಸಿಕ್ಕಿದ್ದು ಓಡುತ್ತದೆ, ಹುಡುಕಾಟ ಅಲ್ಲಿಗೆ ನಿಲ್ಲುತ್ತದೆ. ಇದು ಸರಪಳಿ.

ಪಿಎಚ್‌ಪಿಯ ಟ್ರೇಟ್ ಹಾಗಲ್ಲ. 2012ರಲ್ಲಿ 5.4 ಆವೃತ್ತಿಯ ಜೊತೆ ಬಂದ ಟ್ರೇಟ್, ತನ್ನ ಮೆಥಡ್‌ಗಳನ್ನು ಬಳಸುವ ಕ್ಲಾಸ್‌ನ ಒಳಕ್ಕೇ ನಕಲು ಮಾಡಿಬಿಡುತ್ತದೆ. ಆಮೇಲೆ ಆ ಮೆಥಡ್ ಆ ಕ್ಲಾಸ್‌ನದೇ ಅನ್ನುವಂತೆ ನಡೆದುಕೊಳ್ಳುತ್ತದೆ. ಆಬ್ಜೆಕ್ಟ್ ಈ ಟ್ರೇಟ್‌ನದೇ ಎಂದು ಇನ್‌ಸ್ಟನ್ಸ್‌ಆಫ್ ಹಾಕಿ ಕೇಳಿದರೆ ಅಲ್ಲ ಅನ್ನುವ ಉತ್ತರ ಬರುತ್ತದೆ. ಅದು ದೋಷವಲ್ಲ, ನಕಲಿನ ಸ್ವಭಾವವೇ ಅದು.

ಜಾವಾಸ್ಕ್ರಿಪ್ಟ್‌ನಲ್ಲಿ ಎರಡೂ ಇವೆ. ಎಕ್ಸ್‌ಟೆಂಡ್ಸ್ ಬಳಸಿದರೆ ಪ್ರೋಟೊಟೈಪ್ ಸರಪಳಿ (ಪ್ರೋಟೊಟೈಪ್ ಅಂದರೆ ಕ್ಲಾಸ್‌ನ ಮೆಥಡ್‌ಗಳು ಇರುವ ಆಬ್ಜೆಕ್ಟ್). ಆಬ್ಜೆಕ್ಟ್ ಅಸೈನ್ ಬಳಸಿದರೆ ನಕಲು. ಒಂದೇ ಪ್ರಾಜೆಕ್ಟ್‌ನಲ್ಲಿ ಎರಡನ್ನೂ ಬೆರೆಸಿರುವುದು ಮಾಮೂಲು, ತಲೆನೋವು ಬರುವುದೂ ಅಲ್ಲಿಂದಲೇ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಸರಪಳಿಯಲ್ಲಿ ದೋಷ ಬರುವುದು ಸಾಮಾನ್ಯವಾಗಿ ಕ್ರಮದಿಂದ. ನಕಲಿನಲ್ಲಿ ದೋಷ ಬರುವುದು ಏನು ನಕಲಾಯಿತು, ಏನು ಆಗಲಿಲ್ಲ ಅನ್ನುವುದರಿಂದ. ಎರಡಕ್ಕೂ ಔಷಧಿ ಬೇರೆ.

ಆಬ್ಜೆಕ್ಟನ್ನೇ ಕೇಳಿ

ಊಹೆ ಮಾಡಬೇಡಿ. ಯಾವ ಮೆಥಡ್ ಓಡುತ್ತಿದೆ ಎಂದು ಆಬ್ಜೆಕ್ಟ್‌ಗೇ ಗೊತ್ತಿರುತ್ತದೆ.

ರೂಬಿಯಲ್ಲಿ ಇದು ತುಂಬಾ ಸುಲಭ. ಕ್ಲಾಸ್ ಮೇಲೆ ಆನ್ಸೆಸ್ಟರ್ಸ್ ಕರೆದರೆ ಇಡೀ ಸಾಲು ಬರುತ್ತದೆ. ಆಬ್ಜೆಕ್ಟ್ ಮೇಲೆ ಮೆಥಡ್ ಎಂದು ಕರೆದು, ಸೇವ್ ಹೆಸರನ್ನು ಕೊಟ್ಟು, ಬಂದದ್ದರ ಮೇಲೆ ಓನರ್ ಕೇಳಿದರೆ ಮಾಲೀಕ ಯಾರೆಂದು ತಿಳಿಯುತ್ತದೆ. ಸೋರ್ಸ್ ಲೊಕೇಶನ್ ಕೇಳಿದರೆ ಫೈಲ್ ಮತ್ತು ಸಾಲಿನ ಸಂಖ್ಯೆಯೇ ಸಿಗುತ್ತದೆ. ಸೂಪರ್ ಮೆಥಡ್ ಕೇಳಿದರೆ ಸರಪಳಿಯಲ್ಲಿ ಮುಂದಿನ ಸೇವ್ ಯಾವುದೆಂದೂ ಗೊತ್ತಾಗುತ್ತದೆ.

ಪೈಥಾನ್‌ನಲ್ಲಿ ಆಬ್ಜೆಕ್ಟ್‌ನ ಟೈಪ್ ತೆಗೆದುಕೊಂಡು ಅದರ ಎಂಆರ್‌ಒ, ಅಂದರೆ ಮೆಥಡ್ ಹುಡುಕುವ ಕ್ಲಾಸ್‌ಗಳ ಸಾಲನ್ನು, ಪ್ರಿಂಟ್ ಮಾಡಿ. ಮೆಥಡ್‌ನ ಕ್ವಾಲ್‌ನೇಮ್ ನೋಡಿದರೆ ‘ಲಾಗ್‌ಮಿಕ್ಸಿನ್ ಚುಕ್ಕಿ ಸೇವ್’ ಅನ್ನುವಂತೆ ಹುಟ್ಟೂರಿನ ಸಮೇತ ಹೆಸರು ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಮೆಥಡ್‌ಗೆ ಡೆಕೊರೇಟರ್ (ಮೆಥಡನ್ನು ಸುತ್ತುವ ಇನ್ನೊಂದು ಫಂಕ್ಷನ್) ಹಾಕಿದ್ದು, ಅದನ್ನು ಬರೆದವರು ಮೂಲ ಹೆಸರು ಉಳಿಸುವ ಫಂಕ್‌ಟೂಲ್ಸ್‌ನ ವ್ರ್ಯಾಪ್ಸ್ ಮರೆತಿದ್ದರೆ ಡೆಕೊರೇಟರ್ ಒಳಗಿನ ಫಂಕ್ಷನ್ ಹೆಸರು ಬರುತ್ತದೆ. ಆಗ ಎಂಆರ್‌ಒದ ಪ್ರತಿ ಕ್ಲಾಸ್‌ನ ಡಿಕ್ಟ್‌ನಲ್ಲಿ (ಆ ಕ್ಲಾಸ್‌ನ ಸ್ವಂತ ಹೆಸರುಗಳ ಪಟ್ಟಿ) ಸೇವ್ ಇದೆಯಾ ಎಂದು ಒಂದು ಸಣ್ಣ ಲೂಪ್ ಹಾಕಿ ನೋಡುವುದೇ ಖಚಿತ.

ಪಿಎಚ್‌ಪಿಯಲ್ಲಿ ರಿಫ್ಲೆಕ್ಷನ್‌ನಿಂದ (ಕೋಡ್ ತನ್ನ ಬಗ್ಗೆ ತಾನೇ ಕೇಳುವ ಸೌಲಭ್ಯ) ಯಾವ ಕ್ಲಾಸ್‌ನ ಮೆಥಡ್ ಎಂದು ಕೇಳಿದರೆ ಟ್ರೇಟ್ ಹೆಸರು ಬರುವುದಿಲ್ಲ, ಬಳಸಿದ ಕ್ಲಾಸ್‌ನ ಹೆಸರು ಬರುತ್ತದೆ. ನಕಲು ಅಲ್ವಾ. ಆದರೆ ಫೈಲ್ ಹೆಸರು ಕೇಳಿದರೆ ಟ್ರೇಟ್ ಬರೆದಿರುವ ಫೈಲ್ ಸಿಗುತ್ತದೆ. ಟ್ರೇಟ್‌ಗಳ ಪಟ್ಟಿ ಕೊಡುವ ಕ್ಲಾಸ್ ಯೂಸಸ್ ಫಂಕ್ಷನ್, ತಂದೆ ಕ್ಲಾಸ್ (ಈ ಕ್ಲಾಸ್ ಯಾವುದನ್ನು ಎಕ್ಸ್‌ಟೆಂಡ್ ಮಾಡಿದೆಯೋ ಅದು) ಬಳಸಿದ ಟ್ರೇಟ್‌ಗಳನ್ನು ತೋರಿಸುವುದಿಲ್ಲ. ಹಾಗಾಗಿ ಪಟ್ಟಿ ಖಾಲಿ ಬಂತು ಎಂದ ಮಾತ್ರಕ್ಕೆ ಟ್ರೇಟ್ ಇಲ್ಲ ಎಂದುಕೊಳ್ಳಬೇಡಿ. ಮೇಲಕ್ಕೆ ಒಂದೊಂದೇ ಕ್ಲಾಸ್ ಹತ್ತಿ ಕೇಳಬೇಕು.

ಮೆಥಡ್ ಸಿಗುತ್ತಲೇ ಇಲ್ಲ

ಎಲ್ಲಕ್ಕಿಂತ ಒಳ್ಳೆಯ ದೋಷ ಇದು. ಕೂಗಿ ಹೇಳುತ್ತದೆ.

ರೂಬಿಯಲ್ಲಿ ನೋಮೆಥಡ್ ಎರರ್ ಬಂದರೆ ಮೊದಲು ಇನ್‌ಕ್ಲೂಡ್ ಬದಲು ಎಕ್ಸ್‌ಟೆಂಡ್ ಹಾಕಿದ್ದೀರಾ ನೋಡಿ. ಇನ್‌ಕ್ಲೂಡ್ ಮಾಡಿದರೆ ಮೆಥಡ್‌ಗಳು ಆಬ್ಜೆಕ್ಟ್‌ಗಳಿಗೆ ಸಿಗುತ್ತವೆ. ಕ್ಲಾಸ್‌ನೊಳಗೆ ಎಕ್ಸ್‌ಟೆಂಡ್ ಮಾಡಿದರೆ ಕ್ಲಾಸ್‌ಗೆ ಮಾತ್ರ ಸಿಗುತ್ತವೆ. ಎರರ್ ಸಂದೇಶದಲ್ಲಿ ಆಬ್ಜೆಕ್ಟ್ ಹೆಸರಿದೆಯೋ ಕ್ಲಾಸ್ ಹೆಸರಿದೆಯೋ ಎಂದು ಓದಿದರೆ ಅರ್ಧ ಉತ್ತರ ಅಲ್ಲೇ ಇದೆ. ಮಾಡ್ಯೂಲ್ ಒಳಗೆ ಮೆಥಡ್ ಹೆಸರಿನ ಮುಂದೆ ಸೆಲ್ಫ್ ಸೇರಿಸಿ ಬರೆದಿದ್ದರೆ ಅದು ಇನ್‌ಕ್ಲೂಡ್ ಮಾಡಿದರೂ ಬರುವುದಿಲ್ಲ, ಕ್ಲಾಸ್ ಮೇಲೆ ಎಕ್ಸ್‌ಟೆಂಡ್ ಮಾಡಿದರೂ ಬರುವುದಿಲ್ಲ. ಅದು ಆ ಮಾಡ್ಯೂಲ್‌ನ ಸ್ವಂತ ಆಸ್ತಿ.

ಜಾವಾಸ್ಕ್ರಿಪ್ಟ್‌ನ ಒಂದು ದೋಷ ಮಾತ್ರ ಬೇರೆ ಜಾತಿಯದು, ಸ್ವಲ್ಪ ನಿಧಾನವಾಗಿ ನೋಡೋಣ. ಲಾಗರ್ ಎಂಬ ಕ್ಲಾಸ್ ಇದೆ. ಅದರ ಪ್ರೋಟೊಟೈಪನ್ನು ಆಬ್ಜೆಕ್ಟ್ ಅಸೈನ್ ಬಳಸಿ ಇನ್‌ವಾಯ್ಸ್ ಕ್ಲಾಸ್‌ನ ಪ್ರೋಟೊಟೈಪ್‌ಗೆ ಸುರಿಯುತ್ತೀರಿ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಆದರೆ ಇನ್‌ವಾಯ್ಸ್‌ಗೆ ಒಂದು ಮೆಥಡ್ ಕೂಡ ಬಂದಿರುವುದಿಲ್ಲ. ಯಾಕೆಂದರೆ ಆಬ್ಜೆಕ್ಟ್ ಅಸೈನ್ ನಕಲು ಮಾಡುವುದು ಎಣಿಕೆಗೆ ಸಿಗುವ, ಅಂದರೆ ಎನ್ಯುಮರಬಲ್ ಆದ ಪ್ರಾಪರ್ಟಿಗಳನ್ನು ಮಾತ್ರ. ಕ್ಲಾಸ್ ಸಿಂಟ್ಯಾಕ್ಸ್‌ನಲ್ಲಿ ಬರೆದ ಮೆಥಡ್‌ಗಳು ಹುಟ್ಟುತ್ತಲೇ ಎನ್ಯುಮರಬಲ್ ಅಲ್ಲ. ಅದೇ ಮೆಥಡ್‌ಗಳನ್ನು ಸಾದಾ ಆಬ್ಜೆಕ್ಟ್ ಆಗಿ ಬರೆದಿದ್ದರೆ ಸರಿಯಾಗಿ ನಕಲಾಗುತ್ತಿದ್ದವು. ಹಾಗಾಗಿ ಸಾದಾ ಆಬ್ಜೆಕ್ಟ್‌ನಲ್ಲಿದ್ದ ಮಿಕ್ಸಿನನ್ನು ಯಾರೋ ಕ್ಲಾಸ್ ಆಗಿ ಚೊಕ್ಕ ಮಾಡಿದ ಮರುದಿನ ಈ ದೋಷ ಹುಟ್ಟುತ್ತದೆ.

ಪರೀಕ್ಷೆ ಸುಲಭ. ಇನ್‌ವಾಯ್ಸ್‌ನ ಪ್ರೋಟೊಟೈಪ್ ಮೇಲೆ ಗೆಟ್ ಓನ್ ಪ್ರಾಪರ್ಟಿ ನೇಮ್ಸ್ ಕರೆಯಿರಿ. ಕನ್‌ಸ್ಟ್ರಕ್ಟರ್ ಮತ್ತು ಅದರ ಸ್ವಂತ ಮೆಥಡ್‌ಗಳು ಮಾತ್ರ ಕಂಡರೆ ರೋಗ ಇದೇ. ಲಾಗರ್‌ನ ಪ್ರೋಟೊಟೈಪ್‌ನಿಂದ ಪ್ರಾಪರ್ಟಿ ಡಿಸ್ಕ್ರಿಪ್ಟರ್‌ಗಳನ್ನು (ಪ್ರತಿ ಪ್ರಾಪರ್ಟಿಯ ಪೂರ್ತಿ ವಿವರ) ಪಡೆದು, ಕನ್‌ಸ್ಟ್ರಕ್ಟರನ್ನು ಬಿಟ್ಟು, ಉಳಿದದ್ದನ್ನು ಡಿಫೈನ್ ಪ್ರಾಪರ್ಟೀಸ್ ಮೂಲಕ ಸೇರಿಸಬಹುದು. ಗೆಟರ್‌ಗಳಿಗೂ (ಪ್ರಾಪರ್ಟಿ ಓದಿದಾಗ ಓಡುವ ಫಂಕ್ಷನ್) ಇದೇ ಒಳ್ಳೆಯದು: ಆಬ್ಜೆಕ್ಟ್ ಅಸೈನ್ ಗೆಟರನ್ನು ನಕಲು ಮಾಡುವುದಿಲ್ಲ, ನಕಲಿನ ಹೊತ್ತಿಗೆ ಅದನ್ನು ಓಡಿಸಿ ಬಂದ ಬೆಲೆಯನ್ನು ಹೆಪ್ಪುಗಟ್ಟಿಸಿ ಇಡುತ್ತದೆ. ನನ್ನನ್ನು ಕೇಳಿದರೆ ಇಷ್ಟೆಲ್ಲ ಸರ್ಕಸ್ ಬೇಡ. ಒಂದು ಬೇಸ್ ಕ್ಲಾಸ್ ತೆಗೆದುಕೊಂಡು ಅದನ್ನು ಎಕ್ಸ್‌ಟೆಂಡ್ ಮಾಡಿದ ಹೊಸ ಕ್ಲಾಸ್ ಹಿಂದಿರುಗಿಸುವ ಫಂಕ್ಷನ್ ಬರೆಯಿರಿ. ನಕಲು ಹೋಗಿ ಸರಪಳಿ ಬರುತ್ತದೆ, ಸರಪಳಿಯಲ್ಲಿ ಮುಂದಿನ ಮೆಥಡನ್ನು ಕರೆಯುವ ಸೂಪರ್ ಕೂಡ ನಿಯತ್ತಾಗಿ ಕೆಲಸ ಮಾಡುತ್ತದೆ.

ಪೈಥಾನ್‌ನಲ್ಲಿ ಮೆಥಡ್ ಸಿಕ್ಕಿ, ಸೆಲ್ಫ್ ಎಂಬ ಆರ್ಗ್ಯುಮೆಂಟ್ ಕಾಣೆಯಾಗಿದೆ ಎಂದು ಟೈಪ್ ಎರರ್ ಬಂದರೆ, ಯಾರೋ ಫಂಕ್ಷನನ್ನು ಕ್ಲಾಸ್‌ಗೆ ಅಂಟಿಸುವ ಬದಲು ಆಬ್ಜೆಕ್ಟ್‌ಗೇ ಅಂಟಿಸಿರಬಹುದು. ಕ್ಲಾಸ್ ಮೇಲಿದ್ದರೆ ಮಾತ್ರ ಫಂಕ್ಷನ್ ತಾನಾಗಿ ಮೆಥಡ್ ಆಗುತ್ತದೆ. ಒಂದೇ ಆಬ್ಜೆಕ್ಟ್‌ಗೆ ಬೇಕಿದ್ದರೆ ಟೈಪ್ಸ್ ಮಾಡ್ಯೂಲ್‌ನ ಮೆಥಡ್‌ಟೈಪ್ ಬಳಸಿ ಕಟ್ಟಿಕೊಡಿ.

ಸಿಗುತ್ತದೆ, ಆದರೆ ಓಡುತ್ತಿರುವುದು ಬೇರೆ

ದಿನಗಟ್ಟಲೆ ತಿನ್ನುವುದು ಈ ಬಗೆಯ ದೋಷ. ಎರರ್ ಇಲ್ಲದಿರುವುದೇ ಇದರ ಲಕ್ಷಣ.

ಪೈಥಾನ್‌ನಲ್ಲಿ ಮೊದಲ ಅನುಮಾನ ಬರಹದ ಕ್ರಮದ ಮೇಲೆ. ಇನ್‌ವಾಯ್ಸ್ ಕ್ಲಾಸ್‌ನ ಬ್ರಾಕೆಟ್‌ನಲ್ಲಿ ಡಾಕ್ಯುಮೆಂಟ್ ಮೊದಲು, ಲಾಗ್‌ಮಿಕ್ಸಿನ್ ಆಮೇಲೆ ಎಂದು ಬರೆದಿದ್ದರೆ, ಡಾಕ್ಯುಮೆಂಟ್‌ನ ಸೇವ್ ಮೊದಲು ಸಿಗುತ್ತದೆ. ಅದು ಸೂಪರ್ ಕರೆಯದಿದ್ದರೆ ಮಿಕ್ಸಿನ್‌ನ ಸೇವ್‌ಗೆ ಸರದಿಯೇ ಬರುವುದಿಲ್ಲ. ಪರಿಹಾರ ಒಂದೇ ಸಾಲು: ಮಿಕ್ಸಿನ್‌ಗಳು ಎಡಕ್ಕೆ, ನಿಜವಾದ ಬೇಸ್ ಕ್ಲಾಸ್ ಕೊನೆಯಲ್ಲಿ ಬಲಕ್ಕೆ.

ಎಡದಿಂದ ಬಲಕ್ಕೆ ಅನ್ನುವುದಷ್ಟೇ ನಿಯಮವಲ್ಲ. 2003ರಲ್ಲಿ ಬಂದ 2.3 ಆವೃತ್ತಿಯಿಂದ ಪೈಥಾನ್ ಸಿ3 ಎಂಬ ಕ್ರಮವನ್ನು ಬಳಸುತ್ತದೆ. ಮಗು ಕ್ಲಾಸ್ ಯಾವಾಗಲೂ ತಂದೆ ಕ್ಲಾಸ್‌ಗಿಂತ ಮೊದಲು ಬರಬೇಕು, ಮತ್ತು ನೀವು ಬರೆದ ಎಡ ಬಲ ಕ್ರಮವೂ ಉಳಿಯಬೇಕು. ಎರಡೂ ಕೂಡದಿದ್ದರೆ, ಹೊಂದಾಣಿಕೆಯ ಎಂಆರ್‌ಒ ಕಟ್ಟಲು ಆಗುತ್ತಿಲ್ಲ ಎಂದು ಕ್ಲಾಸ್ ಹುಟ್ಟುವಾಗಲೇ ಟೈಪ್ ಎರರ್ ಬರುತ್ತದೆ. ಇದು ಬಂದರೆ ಗಾಬರಿ ಬೇಡ. ಬಹುತೇಕ ಸಲ ತಂದೆಯನ್ನು ಎಡಕ್ಕೂ ಅದರ ಮಗುವನ್ನು ಬಲಕ್ಕೂ ಬರೆದಿರುತ್ತಾರೆ. ತಂದೆಯನ್ನು ಪಟ್ಟಿಯಿಂದ ತೆಗೆದರೇ ಸಾಕು, ಮಗುವಿನ ಮೂಲಕ ಅದು ಹೇಗೂ ಬರುತ್ತದೆ.

ಸೂಪರ್ ಬಗ್ಗೆ ಒಂದು ಮಾತು. ಪೈಥಾನ್‌ನಲ್ಲಿ ಸೂಪರ್ ಅಂದರೆ ತಂದೆ ಅಲ್ಲ, ಈ ಆಬ್ಜೆಕ್ಟ್‌ನ ಸಾಲಿನಲ್ಲಿ ಮುಂದಿನವರು. ಮಿಕ್ಸಿನ್ ಬರೆಯುವಾಗ ಆ ಮುಂದಿನವರು ಯಾರೆಂದು ನಿಮಗೆ ಗೊತ್ತಿರುವುದಿಲ್ಲ. ಬಕೆಟ್ ಕೈಯಿಂದ ಕೈಗೆ ದಾಟಿಸುವ ಸಾಲಿನಂತೆ ಇದು: ನಡುವೆ ಒಬ್ಬರು ಕೈ ಕಟ್ಟಿ ನಿಂತರೆ ಆಚೆಗೆ ನೀರೇ ಹೋಗುವುದಿಲ್ಲ. ಹಾಗಾಗಿ ಎಂಆರ್‌ಒ ಪ್ರಿಂಟ್ ಮಾಡಿಕೊಂಡು, ಅದರಲ್ಲಿ ಸೇವ್ ಇರುವ ಪ್ರತಿ ಕ್ಲಾಸನ್ನೂ ತೆರೆದು, ಸೂಪರ್ ಕರೆದಿದೆಯಾ ಎಂದು ಟಿಕ್ ಹಾಕುತ್ತಾ ಹೋಗಿ. ಕರೆಯದ ಮೊದಲ ಕ್ಲಾಸ್‌ನಲ್ಲೇ ದೋಷ ಇದೆ. ತಂದೆಯ ಹೆಸರು ಬರೆದು ನೇರವಾಗಿ ಕರೆದಿರುವ ಕ್ಲಾಸ್ ಕಂಡರೂ ಅಷ್ಟೇ, ಸಾಲು ಅಲ್ಲಿ ಮುರಿದಿರುವ ಸಾಧ್ಯತೆ ಇದೆ.

ರೂಬಿಯಲ್ಲಿ ಇನ್‌ಕ್ಲೂಡ್ ಮಾಡಿದ ಮಾಡ್ಯೂಲ್ ಸರಪಳಿಯಲ್ಲಿ ಕ್ಲಾಸ್‌ನ ಹಿಂದೆ ನಿಲ್ಲುತ್ತದೆ. ಕ್ಲಾಸ್‌ನಲ್ಲೇ ಸೇವ್ ಇದ್ದರೆ ಮಾಡ್ಯೂಲ್‌ನ ಸೇವ್ ಸೋಲುತ್ತದೆ. ಗೆಲ್ಲಬೇಕಿದ್ದರೆ ಪ್ರಿಪೆಂಡ್ ಬಳಸಬೇಕು, ಅದು 2013ರ 2.0 ಆವೃತ್ತಿಯಲ್ಲಿ ಬಂತು. ಎರಡು ಮಾಡ್ಯೂಲ್‌ಗಳ ನಡುವಿನ ಕ್ರಮ ಇನ್ನೂ ಮಜವಾಗಿದೆ. ಎ ಮತ್ತು ಬಿ ಯನ್ನು ಬೇರೆ ಬೇರೆ ಸಾಲಿನಲ್ಲಿ ಇನ್‌ಕ್ಲೂಡ್ ಮಾಡಿದರೆ ಆಮೇಲೆ ಬಂದ ಬಿ ಗೆಲ್ಲುತ್ತದೆ. ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಬರೆದರೆ ಎ ಗೆಲ್ಲುತ್ತದೆ. ಎರಡು ಸಾಲನ್ನು ಸುಮ್ನೆ ಒಂದು ಮಾಡಿದವರಿಗೆ ವರ್ತನೆ ಬದಲಾದದ್ದು ಗೊತ್ತೇ ಆಗುವುದಿಲ್ಲ. ತಂದೆ ಕ್ಲಾಸ್ ಈಗಾಗಲೇ ಇನ್‌ಕ್ಲೂಡ್ ಮಾಡಿದ ಮಾಡ್ಯೂಲನ್ನು ಮಗು ಮತ್ತೆ ಇನ್‌ಕ್ಲೂಡ್ ಮಾಡಿದರೂ ಏನೂ ಆಗುವುದಿಲ್ಲ, ರೂಬಿ ಆ ಸಾಲನ್ನು ಮೌನವಾಗಿ ಬಿಟ್ಟುಬಿಡುತ್ತದೆ.

ಪಿಎಚ್‌ಪಿಯಲ್ಲಿ ಕ್ಲಾಸ್‌ನ ಸ್ವಂತ ಮೆಥಡ್ ಟ್ರೇಟನ್ನು ಸೋಲಿಸುತ್ತದೆ, ಟ್ರೇಟ್ ತಂದೆಯನ್ನು ಸೋಲಿಸುತ್ತದೆ. ಎರಡು ಟ್ರೇಟ್‌ಗಳಲ್ಲಿ ಒಂದೇ ಹೆಸರಿದ್ದರೆ ಫೇಟಲ್ ಎರರ್ ಬರುತ್ತದೆ. ಇನ್‌ಸ್ಟೆಡ್‌ಆಫ್ ಬಳಸಿ ಯಾವುದು ಬೇಕೆಂದು ಹೇಳಿ. ಆ್ಯಸ್ ಮಾತ್ರ ಹಾಕಿದರೆ ಜಗಳ ತೀರುವುದಿಲ್ಲ, ಅದು ಇನ್ನೊಂದು ಹೆಸರು ಸೇರಿಸುತ್ತದೆಯೇ ಹೊರತು ಹಳೆಯ ಹೆಸರನ್ನು ತೆಗೆಯುವುದಿಲ್ಲ.

ಪರ್ಲ್ ಬಳಸುವವರಿಗೆ: ಅಲ್ಲಿ ಸೂಪರ್ ಲೆಕ್ಕ ಹಾಕುವುದು ಮೆಥಡ್ ಬರೆದ ಪ್ಯಾಕೇಜ್‌ನಿಂದ, ಆಬ್ಜೆಕ್ಟ್‌ನ ಕ್ಲಾಸ್‌ನಿಂದ ಅಲ್ಲ. ಎರವಲು ತಂದ ಮೆಥಡ್‌ನಲ್ಲಿ ಸೂಪರ್ ಇದ್ದರೆ ಅದು ಹಳೆಯ ಮನೆಯ ತಂದೆಯನ್ನೇ ಹುಡುಕುತ್ತದೆ.

ಜಾವಾಸ್ಕ್ರಿಪ್ಟ್‌ನಲ್ಲೂ ಇದೇ ಕಥೆ. ಮೆಥಡ್ ನಕಲು ಮಾಡಿದರೂ ಅದರೊಳಗಿನ ಸೂಪರ್ ಅದು ಮೊದಲು ಬರೆದ ಆಬ್ಜೆಕ್ಟ್‌ಗೇ ಕಟ್ಟಿಕೊಂಡಿರುತ್ತದೆ. ಪೈಥಾನ್‌ನಲ್ಲಿ ಬೇರೆ ಕ್ಲಾಸ್‌ನ ಮೆಥಡನ್ನು ಹೆಸರಿಟ್ಟು ಎರವಲು ತಂದರೆ, ಅದರಲ್ಲಿ ಖಾಲಿ ಬ್ರಾಕೆಟ್‌ನ ಸೂಪರ್ ಇದ್ದರೆ, ಟೈಪ್ ಎರರ್ ಬರುತ್ತದೆ. ಮೂರರಲ್ಲಿ ಪೈಥಾನ್‌ನದ್ದೇ ವಾಸಿ, ಕನಿಷ್ಠ ದೂರು ಹೇಳುತ್ತದೆ. ಪಿಎಚ್‌ಪಿ ಮಾತ್ರ ಇಲ್ಲಿ ಅಚ್ಚುಕಟ್ಟು. ಟ್ರೇಟ್ ಒಳಗಿನ ಪೇರೆಂಟ್ ಮತ್ತು ಸೆಲ್ಫ್, ಬಳಸಿದ ಕ್ಲಾಸ್‌ಗೆ ತಕ್ಕಂತೆ ಅರ್ಥ ಪಡೆಯುತ್ತವೆ.

ಇನ್ನೊಂದು, ಜಾವಾಸ್ಕ್ರಿಪ್ಟ್‌ನದ್ದೇ. ತಂದೆ ಕ್ಲಾಸ್‌ನಲ್ಲಿ ಸೇವ್ ಅನ್ನು ಬಾಣದ ಫಂಕ್ಷನ್ ಆಗಿ ಫೀಲ್ಡ್‌ನಲ್ಲಿ ಬರೆದಿದ್ದು, ಮಗು ಕ್ಲಾಸ್‌ನಲ್ಲಿ ಮಾಮೂಲು ಮೆಥಡ್ ಆಗಿ ಬರೆದಿದ್ದರೆ, ಗೆಲ್ಲುವುದು ತಂದೆಯದ್ದು. ಫೀಲ್ಡ್ ಆಬ್ಜೆಕ್ಟ್ ಮೇಲೆಯೇ ಕೂರುತ್ತದೆ, ಮಗುವಿನ ಮೆಥಡ್ ಪ್ರೋಟೊಟೈಪ್‌ನಲ್ಲಿ ಇರುತ್ತದೆ. ಆಬ್ಜೆಕ್ಟ್ ಮೇಲಿದ್ದದ್ದು ಮೊದಲು ಸಿಗುತ್ತದೆ. ಹ್ಯಾಸ್‌ಓನ್ ಕೇಳಿದರೆ ತಕ್ಷಣ ಗೊತ್ತಾಗುತ್ತದೆ.

ಸರಿಯಾದದ್ದೇ ಓಡುತ್ತದೆ, ಡೇಟಾ ಇಲ್ಲ

ಮಿಕ್ಸಿನ್‌ನ ಮೆಥಡ್ ತನಗೆ ಬೇಕಾದ ಆಟ್ರಿಬ್ಯೂಟ್ ಇಲ್ಲ ಎಂದು ಬೀಳುತ್ತದೆ. ಮೊದಲು ಕನ್‌ಸ್ಟ್ರಕ್ಟರ್ ಸಾಲು ನೋಡಿ. ಪೈಥಾನ್‌ನಲ್ಲಿ ಸಾಮಾನ್ಯವಾಗಿ ಯಾವುದೋ ಕ್ಲಾಸ್‌ನ ಇನಿಟ್ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರ್) ಸೂಪರ್ ಕರೆದಿರುವುದಿಲ್ಲ, ಮಿಕ್ಸಿನ್‌ನ ಇನಿಟ್ ಓಡಿಯೇ ಇರುವುದಿಲ್ಲ. ಎಲ್ಲರೂ ಕರೆದಿದ್ದರೂ ಕೊನೆಯಲ್ಲಿ ಎಲ್ಲ ಕ್ಲಾಸ್‌ಗಳ ಮೂಲವಾದ ‘ಆಬ್ಜೆಕ್ಟ್’ ಕ್ಲಾಸ್‌ನ ಇನಿಟ್ ಹೆಚ್ಚು ಆರ್ಗ್ಯುಮೆಂಟ್ ಬಂತು ಎಂದು ಬೀಳಬಹುದು. ಆಗ ಪ್ರತಿ ಇನಿಟ್ ತನ್ನ ಪಾಲಿನ ಕೀವರ್ಡ್ ತೆಗೆದುಕೊಂಡು ಉಳಿದದ್ದನ್ನು ಮುಂದಕ್ಕೆ ಕಳಿಸುತ್ತಿದೆಯಾ ನೋಡಿ. ರೂಬಿಯಲ್ಲಿ ಬ್ರಾಕೆಟ್ ಇಲ್ಲದ ಸೂಪರ್ ಬಂದ ಆರ್ಗ್ಯುಮೆಂಟ್‌ಗಳನ್ನೆಲ್ಲ ಹಾಗೇ ದಾಟಿಸುತ್ತದೆ, ಖಾಲಿ ಬ್ರಾಕೆಟ್ ಇದ್ದರೆ ಏನನ್ನೂ ದಾಟಿಸುವುದಿಲ್ಲ. ಆರ್ಗ್ಯುಮೆಂಟ್ ಎರರ್ ಬಂದರೆ ಆ ಬ್ರಾಕೆಟ್ ಕಡೆ ಕಣ್ಣು ಹಾಯಿಸಿ.

ಪೈಥಾನ್‌ನಲ್ಲಿ ಮುಂದೆ ಮಾತ್ರ ಎರಡು ಅಂಡರ್‌ಸ್ಕೋರ್ ಇಟ್ಟ ಹೆಸರುಗಳು ಹಂಚಿಕೆಗೆ ಬರುವುದಿಲ್ಲ. ಭಾಷೆ ಅದಕ್ಕೆ ಕ್ಲಾಸ್‌ನ ಹೆಸರನ್ನು ಅಂಟಿಸಿಬಿಡುತ್ತದೆ. ಮಿಕ್ಸಿನ್ ಒಳಗಿನ ಕ್ಯಾಶ್ ಮತ್ತು ಇನ್‌ವಾಯ್ಸ್ ಒಳಗಿನ ಕ್ಯಾಶ್ ನೋಡಲು ಒಂದೇ, ನಿಜದಲ್ಲಿ ಬೇರೆ ಬೇರೆ. ಎರರ್ ಸಂದೇಶದಲ್ಲಿ ಆಟ್ರಿಬ್ಯೂಟ್ ಹೆಸರಿಗೆ ಕ್ಲಾಸ್ ಹೆಸರು ಮೆತ್ತಿಕೊಂಡಿದ್ದರೆ ಇದೇ ಕಾರಣ. ಒಂದು ಅಂಡರ್‌ಸ್ಕೋರ್‌ಗೆ ಇಳಿಸಿ.

ರೂಬಿಯಲ್ಲಿ ಇದರ ಉಲ್ಟಾ ತೊಂದರೆ. ಮಾಡ್ಯೂಲ್ ಮತ್ತು ಕ್ಲಾಸ್ ಎರಡೂ ಡೇಟಾ ಎಂಬ ಹೆಸರಿನ ಇನ್‌ಸ್ಟನ್ಸ್ ವೇರಿಯಬಲ್ ಬಳಸಿದರೆ ಒಂದರ ಮೇಲೊಂದು ಬರೆದುಕೊಳ್ಳುತ್ತವೆ. ಯಾರೂ ತಡೆಯುವುದಿಲ್ಲ. ಹಂಚುವ ಮಾಡ್ಯೂಲ್‌ನಲ್ಲಿ ಹೆಸರಿಗೆ ಮಾಡ್ಯೂಲ್‌ನ ಗುರುತು ಸೇರಿಸುವುದು ಒಳ್ಳೆಯ ಅಭ್ಯಾಸ.

ಜಾವಾಸ್ಕ್ರಿಪ್ಟ್‌ನ ಕಾಲ್‌ಬ್ಯಾಕ್‌ಗಳಲ್ಲಿ ದಿಸ್ (ಮೆಥಡ್ ಯಾವ ಆಬ್ಜೆಕ್ಟ್ ಮೇಲೆ ಓಡುತ್ತಿದೆ ಎಂಬ ಗುರುತು) ಕಳೆದುಹೋಗುವುದು ಎಲ್ಲರಿಗೂ ಗೊತ್ತಿರುವ ವಿಷಯ, ಬೈಂಡ್ ಮಾಡಿ ಮುಂದೆ ಹೋಗಿ.

ಮಿಕ್ಸಿನ್‌ಗೆ ಬಳಸುವ ಕ್ಲಾಸ್‌ನಿಂದ ಐದಾರು ಆಟ್ರಿಬ್ಯೂಟ್‌ಗಳು, ಇಂಥದ್ದೇ ಇನಿಟ್ ಕ್ರಮ, ಇನ್ನೊಂದು ಮಿಕ್ಸಿನ್ ಇರಲೇಬೇಕು ಅನ್ನುವ ಷರತ್ತು ಎಲ್ಲ ಬೇಕಾದರೆ, ದುರಸ್ತಿ ನಿಲ್ಲಿಸಿ. ಅದನ್ನು ಬೇರೆ ಆಬ್ಜೆಕ್ಟ್ ಮಾಡಿ, ಬೇಕಾದ್ದನ್ನು ಕೈಗೆ ಕೊಟ್ಟು ಕರೆಯಿರಿ. ಅಷ್ಟೊಂದು ಬೇಡುವ ಕೋಡ್ ಹಂಚಲು ತಕ್ಕದ್ದಲ್ಲ.

ಒಬ್ಬರ ಡೇಟಾ ಇನ್ನೊಬ್ಬರಲ್ಲಿ ಕಾಣುತ್ತಿದೆ

ಇಲ್ಲಿ ಸರಪಳಿ ಮತ್ತು ನಕಲಿನ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಪೈಥಾನ್ ಮಿಕ್ಸಿನ್‌ನಲ್ಲಿ ಕ್ಲಾಸ್ ಮಟ್ಟದಲ್ಲಿ ಒಂದು ಖಾಲಿ ಲಿಸ್ಟ್ ಇಟ್ಟರೆ, ಅದನ್ನು ಬಳಸುವ ಎಲ್ಲ ಕ್ಲಾಸ್‌ಗಳೂ ಒಂದೇ ಲಿಸ್ಟ್‌ಗೆ ಸೇರಿಸುತ್ತವೆ. ಇನ್‌ವಾಯ್ಸ್ ಕ್ಲಾಸ್‌ನ ಲಾಗ್, ರಿಪೋರ್ಟ್ ಎಂಬ ಇನ್ನೊಂದು ಕ್ಲಾಸ್‌ನಲ್ಲಿ ಕಾಣುತ್ತದೆ. ರೂಬಿ ಮಾಡ್ಯೂಲ್‌ನ ಎರಡು ಆ್ಯಟ್ ಚಿಹ್ನೆಯ ವೇರಿಯಬಲ್ ಕೂಡ ಹೀಗೆಯೇ. ಪಿಎಚ್‌ಪಿ ಟ್ರೇಟ್‌ನ ಸ್ಟ್ಯಾಟಿಕ್ ಪ್ರಾಪರ್ಟಿ ಮಾತ್ರ ಬಳಸುವ ಪ್ರತಿ ಕ್ಲಾಸ್‌ಗೂ ಬೇರೆ. ಅಲ್ಲಿ ಬರುವ ದೂರು ಉಲ್ಟಾ: ಎಲ್ಲರ ಎಣಿಕೆ ಒಂದೇ ಕೌಂಟರ್‌ನಲ್ಲಿ ಬರಬೇಕಿತ್ತು, ಯಾಕೆ ಬರುತ್ತಿಲ್ಲ ಎಂದು.

ಎರಡು ಆಬ್ಜೆಕ್ಟ್‌ಗಳ ಲಿಸ್ಟ್‌ನ ಐಡಿ ಹೋಲಿಸಿ ನೋಡಿದರೆ ರೋಗ ಖಚಿತವಾಗುತ್ತದೆ. ಲಿಸ್ಟನ್ನು ಕನ್‌ಸ್ಟ್ರಕ್ಟರ್ ಒಳಗೆ ಹುಟ್ಟಿಸಿ. ಜಾವಾಸ್ಕ್ರಿಪ್ಟ್‌ನಲ್ಲಿ ಪ್ರೋಟೊಟೈಪ್‌ಗೆ ನಕಲಾದ ಅರೇಗೂ ಇದೇ ಮದ್ದು.

ಕೋಡ್ ತಿದ್ದಿದರೂ ಏನೂ ಬದಲಾಗುತ್ತಿಲ್ಲ

ನೀವು ತಿದ್ದುತ್ತಿರುವ ಫೈಲ್ ಓಡುತ್ತಿಲ್ಲ ಎಂದೇ ಮೊದಲು ಅಂದುಕೊಳ್ಳಿ. ಮಿಕ್ಸಿನ್‌ನ ಫೈಲ್ ದಾರಿಯನ್ನು ಪ್ರಿಂಟ್ ಮಾಡಿ. ಪೈಥಾನ್ ಶೆಲ್‌ನಲ್ಲಿ ಮಾಡ್ಯೂಲ್ (ಇಲ್ಲಿ ಕೋಡ್ ಫೈಲ್ ಎಂದರ್ಥ) ರೀಲೋಡ್ ಮಾಡಿದರೂ ಮೊದಲೇ ಹುಟ್ಟಿದ ಕ್ಲಾಸ್‌ಗಳು ಹಳೆಯ ಮಿಕ್ಸಿನನ್ನೇ ಹಿಡಿದಿರುತ್ತವೆ. ಶೆಲ್ ಮುಚ್ಚಿ ತೆರೆಯುವುದೇ ಲೇಸು. ಪಿಎಚ್‌ಪಿ ಸರ್ವರ್‌ನಲ್ಲಿ ಆಪ್‌ಕ್ಯಾಶ್‌ನಲ್ಲಿ (ಕಂಪೈಲ್ ಆದ ಕೋಡ್ ಇಟ್ಟುಕೊಳ್ಳುವ ಕ್ಯಾಶ್) ಫೈಲ್ ಬದಲಾದ ಸಮಯ ನೋಡುವ ಪರೀಕ್ಷೆ ಆಫ್ ಆಗಿದ್ದರೆ ಹಳೆಯ ಟ್ರೇಟ್ ಓಡುತ್ತಲೇ ಇರುತ್ತದೆ. ಹಳೆಯ ರೂಬಿಯಲ್ಲಿ ಇನ್ನೊಂದು ಗುಂಡಿ ಇತ್ತು. ಕ್ಲಾಸ್ ಒಂದು ಮಾಡ್ಯೂಲನ್ನು ಇನ್‌ಕ್ಲೂಡ್ ಮಾಡಿದ ಮೇಲೆ, ಆ ಮಾಡ್ಯೂಲ್‌ಗೆ ಮತ್ತೊಂದು ಮಾಡ್ಯೂಲ್ ಸೇರಿಸಿದರೆ ಕ್ಲಾಸ್‌ಗೆ ಅದು ತಿಳಿಯುತ್ತಿರಲಿಲ್ಲ. 2020ರ ಕೊನೆಗೆ ಬಂದ 3.0 ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ಹಾಗಾಗಿ ಒಂದು ಕಂಪ್ಯೂಟರ್‌ನಲ್ಲಿ ನಡೆದು ಇನ್ನೊಂದರಲ್ಲಿ ನಡೆಯದಿದ್ದರೆ ಆವೃತ್ತಿ ಕೇಳಿ.

ಇನ್ನೂ ಸಿಗದಿದ್ದರೆ

ಒಂದು ಖಾಲಿ ಕ್ಲಾಸ್ ಬರೆದು ಅದಕ್ಕೆ ಆ ಮಿಕ್ಸಿನ್ ಒಂದನ್ನೇ ಸೇರಿಸಿ ಮೆಥಡ್ ಕರೆಯಿರಿ. ಅಲ್ಲೂ ಕೆಟ್ಟರೆ ತಪ್ಪು ಮಿಕ್ಸಿನ್‌ನದ್ದು. ಅಲ್ಲಿ ಸರಿಯಿದ್ದರೆ ಮೂಲ ಕ್ಲಾಸ್‌ನ ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸುತ್ತಾ ಹೋಗಿ, ಯಾವುದನ್ನು ತೆಗೆದಾಗ ಸರಿಯಾಯಿತೋ ಅದರ ಸೂಪರ್ ಕರೆಗಳನ್ನು ಓದಿ.

ದೋಷ ಸಿಕ್ಕಿದ ಮೇಲೆ ಅದು ಮರಳದಂತೆ ಒಂದು ಕಾವಲು ಹಾಕಬಹುದು. ಪಿಎಚ್‌ಪಿ ಟ್ರೇಟ್‌ನಲ್ಲಿ ಬೇಕಾದ ಮೆಥಡನ್ನು ಅಬ್‌ಸ್ಟ್ರಾಕ್ಟ್ (ಬಳಸುವ ಕ್ಲಾಸ್ ಬರೆಯಲೇಬೇಕಾದದ್ದು) ಎಂದು ಬರೆದರೆ ಸಾಕು, 8.0 ಆವೃತ್ತಿಯಿಂದ ಅದರ ಸಿಗ್ನೇಚರ್ (ಆರ್ಗ್ಯುಮೆಂಟ್‌ಗಳು ಮತ್ತು ಟೈಪ್‌ಗಳು) ಕೂಡ ತಾಳೆ ನೋಡಲಾಗುತ್ತದೆ. ಪೈಥಾನ್‌ನಲ್ಲಿ 3.6ರಿಂದ ಇರುವ, ಮಗು ಕ್ಲಾಸ್ ಹುಟ್ಟುವಾಗ ಓಡುವ ಇನಿಟ್ ಸಬ್‌ಕ್ಲಾಸ್ ಒಳಗೆ, ಬೇಕಾದ ಮೆಥಡ್ ಇಲ್ಲದಿದ್ದರೆ ಎರರ್ ಎಸೆಯಿರಿ. ರೂಬಿಯ ಇನ್‌ಕ್ಲೂಡೆಡ್ ಹುಕ್‌ನಲ್ಲಿ ಇದೇ ಪರೀಕ್ಷೆ ಇಟ್ಟರೆ ಸರಿಯಾದ ಕ್ಲಾಸ್‌ಗೂ ಎರರ್ ಬರುತ್ತದೆ. ಆ ಹುಕ್ ಓಡುವುದು ಇನ್‌ಕ್ಲೂಡ್ ಸಾಲಿನ ಹೊತ್ತಿಗೆ, ಕೆಳಗಿನ ಮೆಥಡ್‌ಗಳು ಆಗಿನ್ನೂ ಹುಟ್ಟಿರುವುದಿಲ್ಲ. ರೂಬಿಯಲ್ಲಿ ಆ ಪರೀಕ್ಷೆಯನ್ನು ಟೆಸ್ಟ್ ಫೈಲ್‌ಗೆ ಸಾಗಿಸಿ.